ತಟ್ಟೆಯಲ್ಲಿ ಬದುಕುಳಿದ ಕೋಶಗಳು

ನಿದ್ದೆಯನ್ನು ಓಡಿಸಿ ದಣಿವನ್ನು ಮರೆಸುವ ಉತ್ತೇಜಕ ಮದ್ದುಗಳಲ್ಲಿ ಮೆಥಾಂಫೆಟಮಿನ್ ಬಹು ಉಗ್ರವಾದುದು. ಜಪಾನಿನ ನಾಗಾಯಿ ನಾಗಾಯೋಶಿ ಅದನ್ನು 1893ರಲ್ಲಿ ಎಫೆಡ್ರಿನ್‌ನಿಂದ ತಯಾರಿಸಿದರು. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಸೈನಿಕರು ಅದನ್ನು ಮಾತ್ರೆಯಾಗಿ ನುಂಗಿದರು. ನರಕೋಶಗಳಿಗೆ ಅದು ಮಾಡುವ ಹಾನಿಯನ್ನು ತಡೆಯಬಹುದೆ? ವಿಜ್ಞಾನಿಗಳು ಈ ಪ್ರಶ್ನೆಯನ್ನು ಅನೇಕ ಸಲ ಕೇಳಿರುವುದು ಪ್ರಯೋಗಶಾಲೆಯ ಒಂದು ಪುಟ್ಟ ತಟ್ಟೆಯನ್ನು. ಆ ತಟ್ಟೆಯ ಮಾತು ಎಷ್ಟು ದೂರ ನಡೆದೀತೆಂಬುದೇ ಇಂದಿನ ನನ್ನ ವಿಷಯ.

ತಟ್ಟೆಯಲ್ಲಿರುವುದು ಅಸಲು ನರಕೋಶವಲ್ಲ. ಇಲಿಯ ಅಡ್ರಿನಲ್ ಗ್ರಂಥಿಯಲ್ಲಿ ಬೆಳೆದ ಗಂತಿಯೊಂದರಿಂದ ಪಡೆದ ಸಂತತಿಯದು. ಗ್ರೀನ್ ಮತ್ತು ಟಿಶ್ಲರ್ 1976ರಲ್ಲಿ ಲೋಕಕ್ಕೆ ಪರಿಚಯಿಸಿದ ಇದರ ಹೆಸರು ಪಿಸಿ-12. ಬಲಿತ ನರಕೋಶ ಒಡೆದು ಎರಡಾಗುವುದಿಲ್ಲ. ಇವಾದರೋ ಬೆಳೆಯುತ್ತಲೇ ಇರುತ್ತವೆ. ನರಗಳನ್ನು ಬೆಳೆಸುವ ಒಂದು ಪ್ರೋಟೀನನ್ನು ಬೆರೆಸಿದರೆ ಮಾತ್ರ, ಕೆಲವೇ ದಿನಗಳಲ್ಲಿ ವಿಭಜನೆಯನ್ನು ನಿಲ್ಲಿಸಿ ನರಕೋಶದಂತೆಯೇ ಎಳೆಗಳನ್ನು ಚಾಚುತ್ತವೆ. ವೇಷ ಚೆನ್ನಾಗಿದೆ. ಡೋಪಮಿನ್ ಎಂಬ ಸಂದೇಶವಾಹಕವನ್ನು ತಯಾರಿಸಿ ಪುಟ್ಟ ಚೀಲಗಳಲ್ಲಿ ಕೂಡಿಡುವ ಗುಣವೂ ಇವಕ್ಕುಂಟು.

ಕೇಡಿನ ಮೂಲವೂ ಅಲ್ಲೇ. ಮೆಥಾಂಫೆಟಮಿನ್ ಒಳಹೊಕ್ಕು ಆ ಚೀಲಗಳಿಂದ ಡೋಪಮಿನ್ನನ್ನು ಚೆಲ್ಲಿಸುತ್ತದೆ. ಹೊರಬಿದ್ದ ಡೋಪಮಿನ್ ಆಮ್ಲಜನಕದೊಡನೆ ಸೇರಿ ಉಗ್ರ ಕಣಗಳನ್ನು ಹುಟ್ಟಿಸುತ್ತದೆ. ಅವು ಕೋಶಕ್ಕೆ ಶಕ್ತಿಯೊದಗಿಸುವ ಮೈಟೊಕಾಂಡ್ರಿಯಗಳನ್ನು ಕೆಡಿಸುತ್ತವೆ. ಕಿಡಿ ಹೊರಗಿನದು, ಸೌದೆ ಮನೆಯದೇ. ಆದುದರಿಂದಲೇ ಉತ್ಕರ್ಷಣವನ್ನು ತಡೆಯುವ ವಸ್ತುಗಳನ್ನು ಬೆರೆಸಿ ನೋಡುತ್ತಾರೆ. ಬಳಿಕ ಹಳದಿಯ ಒಂದು ಲವಣವನ್ನು ಹಾಕುತ್ತಾರೆ. ಜೀವವಿರುವ ಕೋಶ ಅದನ್ನು ನೇರಳೆಯಾಗಿಸುತ್ತದೆ. ನೇರಳೆ ಗಾಢವಾದಷ್ಟೂ ಉಳಿದವು ಹೆಚ್ಚೆಂದು ಲೆಕ್ಕ. ಸುಂದರವಾದ ಪರೀಕ್ಷೆ, ನನಗಂತೂ ಮೆಚ್ಚುಗೆ.

ಆದರೆ ಇಂಥ ಪ್ರಯೋಗಗಳಲ್ಲಿ ರಕ್ಷಕವಸ್ತುವನ್ನು ಸಾಮಾನ್ಯವಾಗಿ ವಿಷಕ್ಕೆ ಮೊದಲೇ ಕೊಟ್ಟಿರುತ್ತಾರೆ. ಚಟಕ್ಕೆ ಬಿದ್ದ ಮಗನನ್ನು ತಂದೆತಾಯಿ ವೈದ್ಯರಲ್ಲಿಗೆ ಕರೆತರುವುದು ವರ್ಷಗಳು ಕಳೆದ ಮೇಲೆ. ತಟ್ಟೆಗೆ ಸುರಿಯುವ ವಿಷದ ಪ್ರಮಾಣವೂ ಎಷ್ಟೋ ಸಲ ಮನುಷ್ಯನ ರಕ್ತದಲ್ಲಿ ಕಾಣುವುದಕ್ಕಿಂತ ಬಹಳ ಹೆಚ್ಚು. ಉತ್ಕರ್ಷಣವನ್ನು ತಡೆಯುವ ಎನ್-ಅಸಿಟೈಲ್ ಸಿಸ್ಟೀನ್ ಎಂಬ ಔಷಧವನ್ನು ಆಸ್ಟ್ರೇಲಿಯದಲ್ಲಿ 153 ವ್ಯಸನಿಗಳಲ್ಲಿ, ಹುಸಿಮಾತ್ರೆಯೊಡನೆ ಹೋಲಿಸಿ, 12 ವಾರ ಪರೀಕ್ಷಿಸಿದರು. 2021ರಲ್ಲಿ ಪ್ರಕಟವಾದ ವರದಿಯಂತೆ ಬಳಕೆ ತಗ್ಗಲಿಲ್ಲ. ಅಲ್ಲಿ ಅಳೆದದ್ದು ಚಟವನ್ನು, ಕೋಶದ ಉಳಿವನ್ನಲ್ಲ, ನಿಜ. ಆದರೆ ಆ ತಂದೆತಾಯಿ ಮೊದಲು ಕೇಳುವುದು ಚಟ ಬಿಟ್ಟೀತೆ ಎಂದೇ ಅಲ್ಲವೆ? ನರಕೋಶಗಳಿಗೆ ರಕ್ಷಣೆ ಸಿಕ್ಕಿತೆಂಬ ಸುದ್ದಿ ಪತ್ರಿಕೆಯಲ್ಲಿ ಕಂಡಾಗಲೆಲ್ಲ ನಾನು ಹುಡುಕುವುದು ಒಂದೇ ವಿವರವನ್ನು: ಮದ್ದು ಮೊದಲು ಬಂತೋ, ವಿಷವೋ?