ಬಾಲಚರರ ಕುಟುಂಬಶಿಬಿರದ ಏರ್ಪಾಡು

(ಪಾಠಶಾಲೆಯ ವಿದ್ಯಾರ್ಥಿಗಳ ತಂದೆತಾಯಿಗಳ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಪಾಠಶಾಲೆಯ ಬಾಲಚರ ದಳದವರು, ಎಂದರೆ ಸ್ಕೌಟು ಹುಡುಗರು, ಈ ಸಾರಿ ತಮ್ಮ ತಂದೆತಾಯಿಗಳನ್ನೂ ಒಡಹುಟ್ಟಿದವರನ್ನೂ ಕೂಡಿಸಿಕೊಂಡು ಶನಿವಾರ ಭಾನುವಾರಗಳೆರಡು ದಿನ ಬಯಲಿನಲ್ಲಿ ಡೇರೆ ಹೂಡಿ ಇರಬೇಕೆಂದು ಸಂಕಲ್ಪಿಸಿರುವರಷ್ಟೆ. ಅದರ ಏರ್ಪಾಡಿನ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ಸ್ಕೌಟು ಮಾಸ್ತರರು ಕೇಳಿಕೊಂಡರು. ವ್ಯಾಕರಣವನ್ನು ಹೇಳಿಕೊಡುವವನಿಗೆ ಡೇರೆಯ ಗೂಟದ ಗೊಡವೆಯೇಕೆಂದು ತಮ್ಮಲ್ಲಿ ಕೆಲವರಿಗೆ ತೋರಬಹುದು. ವಿದ್ಯಾರ್ಥಿನಿಲಯದ ಮಕ್ಕಳೊಡನೆ ಬಹುಕಾಲ ಬಾಳಿದವನು, ಅವರ ಜೊತೆಯಲ್ಲಿ ಹಲವು ಶಿಬಿರಗಳಿಗೆ ಹೋಗಿಬಂದವನು ಎಂಬಷ್ಟೇ ಈ ವಿಷಯದಲ್ಲಿ ನನಗಿರುವ ಅಧಿಕಾರ.

ಶಿಬಿರವೆಂಬ ಶಬ್ದವು ಸಂಸ್ಕೃತದಲ್ಲಿ ಸೈನ್ಯದ ಬೀಡಿಗೆ ಸಲ್ಲತಕ್ಕದ್ದು. ಸ್ಕೌಟ್ ಎಂಬ ಆಂಗ್ಲ ಶಬ್ದವೂ ಹಾಗೆಯೇ. ದಂಡಿನ ಮುಂದೆ ಹೋಗಿ ಶತ್ರುವಿನ ಇರವನ್ನು ತಿಳಿದುಬರುವ ಬೇಹಿನವನಿಗೆ ಅದು ಹೆಸರು. ಈ ಚಳವಳಿಯನ್ನು ಹುಟ್ಟಿಸಿದ ಬೇಡನ್ ಪೊವೆಲ್ ಎಂಬವರು ದಂಡಾಳುಗಳೇ. ದಕ್ಷಿಣ ಆಫ್ರಿಕದ ಮೆಫೆಕಿಂಗ್ ಪಟ್ಟಣಕ್ಕೆ ೧೮೯೯ರಿಂದ ೧೯೦೦ರ ವರೆಗೆ ೨೧೭ ದಿನ ಮುತ್ತಿಗೆಯಾಗಿದ್ದಾಗ, ಊರಿನ ಹುಡುಗರು ಓಲೆಗಳನ್ನು ಒಯ್ಯುವ ಕೆಲಸವನ್ನು ದೊಡ್ಡವರಿಗೆ ಕಡಮೆಯಿಲ್ಲದಂತೆ ನಡೆಸಿದುದನ್ನು ಅವರು ಕಣ್ಣಾರೆ ಕಂಡಿದ್ದರು. ಹುಡುಗರನ್ನು ನಂಬಿ ಕೆಲಸವನ್ನು ಒಪ್ಪಿಸಿದರೆ ಅವರು ಅದಕ್ಕೆ ತಕ್ಕವರಾಗಿ ಬೆಳೆಯುವರೆಂಬುದೇ ಅವರಿಗೆ ಹೊಳೆದ ವಿಚಾರ. ೧೯೦೭ನೆಯ ಆಗಸ್ಟ್ ತಿಂಗಳಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ಎಂಬ ದ್ವೀಪದಲ್ಲಿ ಇಪ್ಪತ್ತು ಮಂದಿ ಹುಡುಗರನ್ನು ಕೂಡಿಸಿ ಮೊದಲ ಶಿಬಿರವನ್ನು ನಡೆಸಿದರು. ಆ ಇಪ್ಪತ್ತು ಮಂದಿಯಲ್ಲಿ ಸಿರಿವಂತರ ಶಾಲೆಯ ಮಕ್ಕಳೂ ಇದ್ದರು, ದುಡಿದು ಉಣ್ಣುವ ಮನೆಗಳ ಮಕ್ಕಳೂ ಇದ್ದರು. ಅವರನ್ನು ಬೇರೆಬೇರೆಯಾಗಿ ಇರಿಸದೆ, ಬೆರಸಿ ನಾಲ್ಕು ತುಕಡಿಗಳನ್ನಾಗಿ ಮಾಡಿ, ತುಕಡಿಗೊಬ್ಬ ಹುಡುಗನನ್ನೇ ನಾಯಕನನ್ನಾಗಿ ನಿಲ್ಲಿಸಿದರು. ಮುಂದೆ ನಾನು ಹೇಳಬೇಕಾದುದೆಲ್ಲವೂ ಈ ತುಕಡಿಯ ಮೇಲೆ ನಿಂತಿರುವುದರಿಂದ ಇಷ್ಟನ್ನು ಹೇಳಿದೆನು. ನಮ್ಮ ನಾಡಿಗೆ ಈ ಚಳವಳಿಯು ೧೯೦೯ರಲ್ಲಿಯೇ ಬಂದು, ಬೆಂಗಳೂರಿನಲ್ಲಿ ಮೊದಲ ದಳವು ಏರ್ಪಟ್ಟಿತು. ಆದರೆ ಆಗ ಅದು ಆಂಗ್ಲರ ಮಕ್ಕಳಿಗೇ ಮೀಸಲಾಗಿತ್ತು. ಭಾರತೀಯ ಬಾಲಕರಿಗಾಗಿ ೧೯೧೬ರ ಸುಮಾರಿಗೆ ದಳಗಳನ್ನು ಕಟ್ಟಲು ಮುಂದಾದವರಲ್ಲಿ ಅನಿಬೆಸೆಂಟರು ಮುಖ್ಯರು. ದೊಡ್ಡಬಳ್ಳಾಪುರದ ಶಿಬಿರಕ್ಷೇತ್ರಕ್ಕೆ ಅವರ ಹೆಸರನ್ನೇ ಇಟ್ಟಿದೆ. ಈಗಿನ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯು ೧೯೫೦ನೆಯ ನವೆಂಬರು ೭ರಂದು ಸ್ಥಾಪಿತವಾಯಿತು.

ಇನ್ನು ಪ್ರಕೃತ ವಿಷಯ. ಬರಿಯ ಹುಡುಗರ ಶಿಬಿರವನ್ನು ನಡೆಸುವುದು ಕಷ್ಟವಲ್ಲ, ಕುಟುಂಬಶಿಬಿರವೇ ಕಷ್ಟ. ಅದೇಕೆಂದರೆ ಅಲ್ಲಿ ತಂದೆತಾಯಿಗಳ ಪ್ರೀತಿಯು ಅಡ್ಡಬರುವುದು. ಹುಡುಗನು ಗೂಟವನ್ನು ಬಡಿಯುತ್ತಿರುವಾಗ ತಂದೆಯು ನೋಡಿಕೊಂಡಿರಲಾರದೆ ಸುತ್ತಿಗೆಯನ್ನು ಕಸಿದುಕೊಳ್ಳುವನು. ಮಗನು ಒಲೆಯನ್ನು ಊದಿ ಕಣ್ಣೊರಸಿಕೊಂಡರೆ ತಾಯಿಯು ತಾನೇ ಒಲೆಯ ಮುಂದೆ ಕೂಡುವಳು. ಅರ್ಧ ಗಳಿಗೆಯಲ್ಲಿ ಡೇರೆಯು ನೆಟ್ಟಗೆ ನಿಲ್ಲುವುದು, ಸಾರು ಕುದಿಯುವುದು. ಹುಡುಗರು ಮಾತ್ರ ಮರದ ನೆರಳಿನಲ್ಲಿ ಕೈಕಟ್ಟಿ ಕುಳಿತಿರುವರು. ಇದಕ್ಕೆ ಮನೆಯೇ ಸಾಲದೆ? ಬಯಲಿಗೆ ಹೋಗುವ ಶ್ರಮವೇಕೆ?

ಆದಕಾರಣ ನನ್ನ ಮೊದಲ ಸೂಚನೆಯಿದು. ಈ ಶಿಬಿರದಲ್ಲಿ ಮಕ್ಕಳೇ ಮನೆಯವರು, ಹಿರಿಯರು ಬೀಗರು. ಹುಡುಗರು ಶುಕ್ರವಾರ ಸಂಜೆಯೇ ಮಾಸ್ತರರೊಡನೆ ಹೋಗಿ, ಶನಿವಾರ ಮಧ್ಯಾಹ್ನದೊಳಗೆ ಡೇರೆಗಳನ್ನು ಹೂಡಿ, ನೀರು ಸೌದೆಗಳನ್ನು ಅಣಿಮಾಡಿಕೊಂಡಿರತಕ್ಕದ್ದು. ಹಿರಿಯರು ಮೂರು ಗಂಟೆಯ ಹೊತ್ತಿಗೆ ಬಂದರೆ ಸಾಕು. ಮಾರ್ಗಶಿರ ಪುಷ್ಯಗಳಲ್ಲಿ ಆರು ಗಂಟೆಗೆಲ್ಲ ಕತ್ತಲಾಗುವುದರಿಂದ ಅದಕ್ಕಿಂತ ತಡಮಾಡಲಾಗದು. ಬಂದವರಿಗೆ ಕಾಲಿಗೆ ನೀರು ಕೊಟ್ಟು, ಇದು ನಿಮ್ಮ ಬಿಡಾರವೆಂದು ತೋರಿಸಿ, ಬೆಲ್ಲ ನೀರು ತಂದಿಡುವವನು ತುಕಡಿಯ ನಾಯಕನು. ಆತನು ಹದಿಮೂರು ವರುಷದವನಾದರೂ ಆ ಎರಡು ದಿನ ಆತನ ಮಾತೇ ನಡೆಯಬೇಕು. ಇದನ್ನು ಕಲಿಯಬೇಕಾದವರು ಹುಡುಗರಿಗಿಂತ ನಾವೇ ಹೆಚ್ಚು.

ಎರಡನೆಯ ವಿಷಯವು ಇದಕ್ಕಿಂತ ಮನಸ್ಸಿಗೆ ಹತ್ತುವಂಥದು. ನಮ್ಮ ದಳದಲ್ಲಿ ಊರಿನ ಮಕ್ಕಳಂತೆಯೇ ನಿಲಯದ ಮಕ್ಕಳೂ ಇರುವರು. ಅವರಲ್ಲಿ ಕೆಲವರ ಊರು ಬಹುದೂರ. ಕೆಲವರ ತಂದೆತಾಯಿಗಳು ಕೂಲಿಯಿಂದ ಬಾಳುವವರಾಗಿ, ಎರಡು ದಿನದ ಕೂಲಿಯನ್ನೂ ಬಸ್ಸಿನ ವೆಚ್ಚವನ್ನೂ ಕಳೆದುಕೊಂಡು ಬರಲಾರರು. ತಂದೆಯನ್ನಾಗಲಿ ತಾಯಿಯನ್ನಾಗಲಿ ಕಳೆದುಕೊಂಡ ಮಕ್ಕಳೂ ಇರುವರು. ಕುಟುಂಬಶಿಬಿರವೆಂಬ ಹೆಸರನ್ನು ಫಲಕದ ಮೇಲೆ ಬರೆದು ಹಚ್ಚಿದ ದಿನವೇ ಇಂಥ ಹುಡುಗನು ಅದನ್ನೋದಿ, ತನಗೆ ಹೊಟ್ಟೆನೋವೆಂದೂ ಪಾಠವು ಬಹಳ ಉಳಿದಿದೆಯೆಂದೂ ನೆವವನ್ನು ಹುಡುಕತೊಡಗುವನು. ಮಕ್ಕಳ ಹೊಟ್ಟೆನೋವುಗಳಲ್ಲಿ ವೈದ್ಯನಿಗೆ ಸಿಕ್ಕದ ಬಗೆಯೊಂದಿರುವುದನ್ನು ನಿಲಯದಲ್ಲಿರುವ ನಾವು ಬಲ್ಲೆವು.

ಹೀಗಿರಲಾಗಿ, ಅವರವರ ಕುಟುಂಬಕ್ಕೆ ಅವರವರ ಡೇರೆ, ಅವರವರ ಒಲೆ ಎಂಬ ಏರ್ಪಾಡನ್ನು ಮಾಡಲೇಬಾರದು. ಹಾಗೆ ಮಾಡಿದರೆ ಊಟದ ಹೊತ್ತಿಗೆ ಕೆಲವು ಹುಡುಗರು ಯಾರ ಒಲೆಯ ಕಡೆಗೆ ಹೋಗಬೇಕೆಂದು ತಿಳಿಯದೆ ನಡುಬಯಲಿನಲ್ಲಿ ನಿಲ್ಲುವರು. ಮೊದಲು ಹುಡುಗರ ತುಕಡಿಗಳನ್ನು ಏಳೆಂಟು ಮಂದಿಗೊಂದರಂತೆ ಎಂದಿನ ಹಾಗೆಯೇ ಉಳಿಸಿಕೊಂಡು, ಬರುವ ಕುಟುಂಬಗಳನ್ನು ತುಕಡಿಗೆ ಮೂರು ನಾಲ್ಕರಂತೆ ಹಂಚತಕ್ಕದ್ದು. ಕುಟುಂಬವು ತುಕಡಿಗೆ ಸೇರಿದ್ದೇ ಹೊರತು ಮಗನಿಗೆ ಸೇರಿದ್ದಲ್ಲ. ಸಾಧ್ಯವಾದಲ್ಲೆಲ್ಲ ತಂದೆತಾಯಿಗಳನ್ನು ತಮ್ಮ ಮಗನಿಲ್ಲದ ತುಕಡಿಗೇ ಕೊಡಬೇಕೆಂಬುದು ನನ್ನ ಅಭಿಪ್ರಾಯ. ಮಾಸ್ತರರು ಇದನ್ನು ಒಪ್ಪಲು ಹಿಂದುಮುಂದು ನೋಡುತ್ತಿದ್ದಾರೆ, ತಾವು ಒಪ್ಪಿದರೆ ಅವರೂ ಒಪ್ಪುವರು. ಆರು ವರುಷಕ್ಕೆ ಒಳಗಿನ ಕೂಸುಗಳು ಮಾತ್ರ ತಾಯಿಯನ್ನು ಬಿಟ್ಟಿರತಕ್ಕವಲ್ಲ.

ಹಣದ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ತಲೆಗಿಷ್ಟೆಂದು ಚಂದಾ ಗೊತ್ತುಮಾಡಿ ಪಟ್ಟಿಯನ್ನು ಓದುವ ಪದ್ಧತಿಯು ಬೇಡ. ಕೊಡಬಲ್ಲವರು ಮುಚ್ಚಿದ ಲಕ್ಕೋಟೆಯಲ್ಲಿಟ್ಟು ಕೊಡಲಿ, ಹೆಸರನ್ನು ಬರೆಯದಿರಲಿ. ದವಸಧಾನ್ಯವನ್ನು ಕೊಡುವವರು ಉಗ್ರಾಣಕ್ಕೆ ಮುಟ್ಟಿಸಲಿ. ಮನೆಯಿಂದ ಮಗನಿಗೆಂದು ಕಟ್ಟಿತಂದ ಕರ್ಚಿಕಾಯಿ ಉಂಡೆಗಳೂ ಬಂದೊಡನೆ ಉಗ್ರಾಣಕ್ಕೇ ಸೇರತಕ್ಕದ್ದು. ತಾಯಂದಿರು ಇದಕ್ಕೆ ಕೋಪಿಸಿಕೊಳ್ಳಬಾರದು. ಉಂಡೆಯು ಹೇಗೂ ನಿಮ್ಮ ಮಗನಿಗೂ ಒಂದು ದೊರೆಯುವುದು.

ಊಟದ ಲೆಕ್ಕವು ಸುಲಭ. ಅರುವತ್ತು ಜನವೆಂದಿಟ್ಟುಕೊಳ್ಳೋಣ. ಒಂದು ಹೊತ್ತಿನ ಅನ್ನಕ್ಕೆ ಏಳು ಕಿಲೋ ಅಕ್ಕಿ, ಸಾರಿಗೆ ಎರಡೂವರೆ ಕಿಲೋ ತೊಗರಿಬೇಳೆ ಸಾಕಾಗುವುದು. ಮೂರು ಕಲ್ಲಿನ ಒಲೆಯ ಮೇಲೆ ಅರುವತ್ತು ಜನಕ್ಕೆ ಬಿಸಿರೊಟ್ಟಿಯನ್ನು ಸುಡಲು ಹೊರಟವರು ರಾತ್ರಿ ಹತ್ತಾದರೂ ಏಳಲಾರರು. ಮೊದಲೇ ತಟ್ಟಿ ಒಣಗಿಸಿದ ಕಟಕು ರೊಟ್ಟಿಯನ್ನೂ ಶೇಂಗಾ ಚಟ್ನಿಯನ್ನೂ ಒಯ್ಯುವುದೇ ಲೇಸು. ಬೆಳಗಿಗೆ ಒಗ್ಗರಣೆ ಅವಲಕ್ಕಿ. ಅಡಿಗೆಯ ಸರದಿಯು ತುಕಡಿಗಳದು. ಗಂಡಸರು ಸೌದೆ ಸೀಳಲಿ, ತಪ್ಪಲೆ ತಿಕ್ಕಲಿ. ತಾಯಂದಿರಿಗೆ ನಾನು ಕೈಮುಗಿದು ವಿಜ್ಞಾಪಿಸಿಕೊಳ್ಳುವುದೇನೆಂದರೆ, ವರುಷದ ಮುನ್ನೂರರುವತ್ತೈದು ದಿನಗಳಲ್ಲಿ ಎರಡು ದಿನ ನೀವು ಬಡಿಸಿದ ಎಲೆಯ ಮುಂದೆ ಕುಳಿತು ಉಣ್ಣಬೇಕು. ಅನ್ನವು ಒಂದಿಷ್ಟು ಮುದ್ದೆಯಾಗಿದ್ದರೂ ಏಳಬಾರದು.

ನೀರಿನ ಲೆಕ್ಕವು ಇದಕ್ಕಿಂತ ಮುಖ್ಯ. ಕುಡಿಯುವುದಕ್ಕೆ, ಅಡಿಗೆಗೆ, ಕೈಕಾಲು ತೊಳೆಯುವುದಕ್ಕೆ ಎಲ್ಲ ಸೇರಿ ದಿನಕ್ಕೆ ತಲೆಗೆ ಹದಿನೈದು ಲೀಟರಿಗೆ ಕಡಮೆಯಾಗಬಾರದು. ಅರುವತ್ತು ಜನಕ್ಕೆ ಒಂಬೈನೂರು ಲೀಟರು. ಕುಡಿಯುವ ನೀರನ್ನು ಚೆನ್ನಾಗಿ ಕುದಿಸಿ ಆರಿಸಿ ಬೇರೆಯೇ ಇಡತಕ್ಕದ್ದು. ಕಕ್ಕಸಿನ ಗುಂಡಿಗಳನ್ನು ಕೆರೆಬಾವಿಗಳಿಂದ ನೂರು ಅಡಿಗೆ ಕಡಮೆಯಿಲ್ಲದ ದೂರದಲ್ಲಿ ತೋಡಿ, ಹೆಂಗಸರಿಗೆ ಬೇರೆಯಾಗಿ ಮರೆಕಟ್ಟಿ, ದೀಪವನ್ನಿಡಬೇಕು. ಶಿಬಿರವು ಕೆಟ್ಟಿತೆಂದರೆ ಅನೇಕವೇಳೆ ಇಲ್ಲಿಯೇ ಕೆಡುವುದು. ಹೆಂಗಸರು ಒಂದು ಸಾರಿ ಬಂದವರು ಮರುವರುಷ ಬಾರದಿರುವುದಕ್ಕೆ ಕಾರಣವು ಸಾಮಾನ್ಯವಾಗಿ ಇದೇ ಆಗಿರುವುದು, ಅವರು ನಾಚಿಕೆಯಿಂದ ಬಾಯಿಬಿಟ್ಟು ಹೇಳುವುದಿಲ್ಲ.

ಸ್ಥಳದ ವಿಷಯ. ಹರಿಹರದ ಬಳಿಯ ಕೊಂಡಜ್ಜಿಯಲ್ಲಿ ಸ್ಕೌಟುಗಳ ಶಿಬಿರಕೇಂದ್ರವಿದೆ, ಕೆರೆಯಿದೆ, ಕಾಡಿದೆ. ಈ ಚಳವಳಿಗಾಗಿ ದುಡಿದ ಕೊಂಡಜ್ಜಿ ಬಸಪ್ಪನವರ ಊರದು. ಮೊದಲ ಸಾರಿ ಕುಟುಂಬಗಳನ್ನು ಕರೆದೊಯ್ಯುವವರು ಇಂಥ ಗೊತ್ತಾದ ಸ್ಥಳವನ್ನೇ ಆರಿಸಿಕೊಂಡು, ಮುಂಚಿತವಾಗಿ ಬರೆದು ಅಪ್ಪಣೆ ಪಡೆಯುವುದು ಯುಕ್ತ. ಬೇರೆ ಕಡೆಯಾದರೆ ಒಣಕೊಂಬೆಯ ಮರದ ಕೆಳಗೂ, ತೆಂಗಿನ ಕೆಳಗೂ, ಹಳ್ಳದ ಪಾತ್ರದಲ್ಲಿಯೂ ಡೇರೆ ಹೂಡಲಾಗದು. ಕಾಡಿನ ಸೀಮೆಯಾದರೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಳಹೊಗಲಾಗದು. ಮಾಘಮಾಸವು ಕಳೆದಮೇಲೆ ತರಗೆಲೆಗಳು ಒಣಗಿ ಒಂದು ಕಿಡಿಯಿಂದ ಗುಡ್ಡವೇ ಹತ್ತಿಕೊಳ್ಳುವ ಕಾಲ, ಪರೀಕ್ಷೆಗಳೂ ಆಗಲೇ. ಆದುದರಿಂದ ಡಿಸೆಂಬರು ಜನವರಿಗಳೇ ತಕ್ಕ ತಿಂಗಳುಗಳು. ಚಳಿಗೆ ಕಂಬಳಿಯೊಂದು ಹೆಚ್ಚಾಗಿರಲಿ. ಕೆರೆಯ ದಂಡೆಯಲ್ಲಿದ್ದರೂ ಯಾರೊಬ್ಬರೂ ನೀರಿಗೆ ಇಳಿಯತಕ್ಕದ್ದಲ್ಲ. ಕೆರೆಯ ಕೆಸರು ಈಜುಬಲ್ಲವನ ಕಾಲನ್ನೂ ಹಿಡಿಯುವುದು. ದಡದಲ್ಲಿ ತಂಬಿಗೆಯಿಂದ ಮಿಂದರಾಯಿತು.

ಹಾವಿನ ಭಯವು ಎಲ್ಲರಿಗೂ ಇರುವುದರಿಂದ ಅದನ್ನು ಮುಚ್ಚಿಡುವುದಿಲ್ಲ. ಕಟ್ಟುಹಾವು ರಾತ್ರಿಯಲ್ಲಿ ಸಂಚರಿಸುವಂಥದು, ನೆಲದ ಮೇಲೆ ಮಲಗಿದವರನ್ನು ನಿದ್ರೆಯಲ್ಲಿಯೇ ಕಚ್ಚುವುದುಂಟು, ನೋವು ಹೆಚ್ಚಾಗಿ ತಿಳಿಯುವುದೂ ಇಲ್ಲ. ಹಾಸಿಗೆಯ ಸುತ್ತಲೂ ಸೊಳ್ಳೆಪರದೆಯನ್ನು ಅಡಿಗೆ ಸಿಕ್ಕಿಸಿ ಮಲಗುವುದೂ, ತಿಂಡಿಯ ಚೂರುಗಳನ್ನು ಡೇರೆಯಲ್ಲಿ ಬಿಡದಿರುವುದೂ, ಬೆಳಗ್ಗೆ ಬೂಟನ್ನು ಕೊಡಹಿ ತೊಡುವುದೂ, ಕತ್ತಲಲ್ಲಿ ದೀಪವಿಲ್ಲದೆ ನಡೆಯದಿರುವುದೂ ತಕ್ಕ ರಕ್ಷೆ. ಕಚ್ಚಿತೆಂದು ಸಂಶಯ ಬಂದರೂ ಕೊಯ್ಯುವುದು, ಬಿಗಿದು ಕಟ್ಟುವುದು, ಮಂತ್ರದವನನ್ನು ಹುಡುಕುವುದು ಯಾವುದೂ ಬೇಡ. ಅಲುಗಾಡದಂತೆ ಮಲಗಿಸಿ, ೧೦೮ಕ್ಕೆ ಕರೆಮಾಡಿ, ವಿಷಕ್ಕೆ ಪ್ರತಿವಿಷದ ಮದ್ದಿರುವ ಆಸ್ಪತ್ರೆಗೆ ಸಾಗಿಸಬೇಕು. ಆ ಆಸ್ಪತ್ರೆಯು ಯಾವುದು, ಮದ್ದಿದೆಯೇ, ಎಷ್ಟು ದೂರವೆಂಬುದನ್ನು ಮಾಸ್ತರರು ಹೊರಡುವ ಮೊದಲೇ ಹೋಗಿ ವಿಚಾರಿಸಿ ಬರೆದಿಟ್ಟುಕೊಳ್ಳತಕ್ಕದ್ದು. ಮೊಬೈಲು ಫೋನುಗಳಲ್ಲಿ ಎರಡು ಮಾತ್ರ ಮಾಸ್ತರರ ಬಳಿಯಲ್ಲಿ ತೆರೆದಿರಲಿ, ಉಳಿದವು ಉಗ್ರಾಣದ ಪೆಟ್ಟಿಗೆಯಲ್ಲಿ ನಿದ್ರಿಸಲಿ.

ಮಲಗುವ ಏರ್ಪಾಡಿನಲ್ಲಿ ಒಂದು ನಿಯಮವನ್ನು ದಾಕ್ಷಿಣ್ಯವಿಲ್ಲದೆ ನಡೆಸಬೇಕು. ಹುಡುಗರು ಹುಡುಗರ ಡೇರೆಯಲ್ಲಿಯೇ ಮಲಗತಕ್ಕದ್ದು. ಹಿರಿಯರು ಯಾರೇ ಆಗಲಿ, ಮಠದವರೇ ಆಗಲಿ, ತಮ್ಮದಲ್ಲದ ಮಗುವಿನೊಡನೆ ಒಬ್ಬರೇ ಡೇರೆಯೊಳಗೆ ಇರಲಾಗದು. ರಾತ್ರಿ ಮಗುವೊಂದನ್ನು ಎಬ್ಬಿಸಿ ಕರೆದೊಯ್ಯಬೇಕಾದರೂ ಹಿರಿಯರಿಬ್ಬರು ಕೂಡಿಯೇ ಹೋಗತಕ್ಕದ್ದು. ಇದರಿಂದ ಯಾರ ಮೇಲೆಯೂ ಅವಿಶ್ವಾಸವನ್ನು ತೋರಿಸಿದಂತಾಗುವುದಿಲ್ಲ. ನಿಯಮವು ಎಲ್ಲರಿಗೂ ಒಂದೇ ಆಗಿರುವಾಗ ಯಾರಿಗೂ ಅಪಮಾನವಿಲ್ಲ.

ಶನಿವಾರ ರಾತ್ರಿಯ ಬೆಂಕಿಯ ಸುತ್ತಣ ಕೂಟಕ್ಕೆ ಧ್ವನಿವರ್ಧಕವನ್ನು ತರುವೆವೆಂದು ಕೆಲವು ಉತ್ಸಾಹಿಗಳು ಹೇಳಿದ್ದಾರೆ. ಬೇಡವೆಂದು ಪ್ರಾರ್ಥನೆ. ಅಲ್ಲಿ ಹುಡುಗರ ನಾಟಕವಿರಲಿ, ಅಜ್ಜಂದಿರು ತಮ್ಮ ಬಾಲ್ಯದ ಕಥೆಗಳನ್ನು ಹೇಳಲಿ, ಬಲ್ಲವರು ಹಾಡಲಿ. ಒಂಬತ್ತೂವರೆಗೆ ಬೆಂಕಿಯನ್ನು ನೀರೆರೆದು ಆರಿಸಿ, ಬೂದಿಯನ್ನು ಕೈಯಿಂದ ಮುಟ್ಟಿನೋಡಿ ತಣ್ಣಗಾದ ಮೇಲೆಯೇ ಕಾವಲುಗಾರರು ಏಳಬೇಕು.

ಭಾನುವಾರ ಮಧ್ಯಾಹ್ನ ಡೇರೆಗಳನ್ನು ಕಿತ್ತು, ಇಬ್ಬನಿಯು ಒಣಗಿದ ಮೇಲೆ ಮಡಿಚಿ, ಗುಂಡಿಗಳನ್ನು ಮುಚ್ಚಿ, ಗೂಟಗಳನ್ನು ಎಣಿಸುವುದು. ಆಮೇಲೆ ಹಿರಿಯರೂ ಕಿರಿಯರೂ ಒಂದೇ ಸಾಲಾಗಿ ನಿಂತು ಬಯಲಿನ ಈ ತುದಿಯಿಂದ ಆ ತುದಿಯವರೆಗೆ ನಡೆಯುತ್ತ, ಬಿದ್ದ ಕಾಗದ ಹಗ್ಗದ ಚೂರುಗಳನ್ನೆಲ್ಲ ಆಯ್ದುಕೊಂಡು ಬರಬೇಕು. ಈ ಒಂದು ಕೆಲಸದಲ್ಲಿ ಮಾತ್ರ ಬೀಗರಿಗೆ ವಿನಾಯಿತಿಯಿಲ್ಲ.

ಬರುವವರ ಹೆಸರುಗಳನ್ನು ಹದಿನೈದು ದಿನ ಮುಂಚಿತವಾಗಿ ಮಾಸ್ತರರಲ್ಲಿ ಬರೆಯಿಸಬೇಕು. ಮಕ್ಕಳಿಗೆ ಉಬ್ಬಸ, ಮೂರ್ಛೆ, ಔಷಧದ ಒಗ್ಗದಿಕೆ ಮುಂತಾದವು ಇದ್ದಲ್ಲಿ ಅದನ್ನು ಗುಟ್ಟಾಗಿಯಾದರೂ ತಿಳಿಸಬೇಕು. ನಿಲಯದ ಹುಡುಗರ ಪಟ್ಟಿಯು ನನ್ನ ಬಳಿಯಿದೆ. ಅದರಲ್ಲಿ ಯಾರೂ ಬರಲಾರದ ಮಕ್ಕಳು ಹನ್ನೊಂದು ಮಂದಿ. ಆ ಹನ್ನೊಂದು ಹೆಸರುಗಳನ್ನು ಈ ಸಭೆಯಲ್ಲಿ ಓದುವುದಿಲ್ಲ. ಸಭೆಯು ಮುಗಿದ ಬಳಿಕ ಗ್ರಂಥಾಲಯದಲ್ಲಿ ಕುಳಿತಿರುತ್ತೇನೆ, ಇಚ್ಛೆಯುಳ್ಳ ತಾಯಂದಿರು ಅಲ್ಲಿಗೆ ಬರಬಹುದು.