ಹಿತ್ತಲ ಸೋಜಿಗಗಳು
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಈ ಶುಭಸಮಯದಲ್ಲಿ ಗಹನವಾದ ವಿಷಯವನ್ನೆತ್ತಿ ತಮ್ಮನ್ನು ದಣಿಸುವ ಇಚ್ಛೆ ನಮಗಿಲ್ಲ. ಲೋಕದ ಸೋಜಿಗಗಳನ್ನು ಕೇಳುವುದರಲ್ಲಿ ಎಳೆಯರಿಗೂ ಹಿರಿಯರಿಗೂ ಸಮಾನವಾದ ಆಸಕ್ತಿ. ಈಜಿಪ್ತದ ಪಿರಮಿಡ್ಡುಗಳ, ಚೀನದ ಮಹಾಗೋಡೆಯ ವೃತ್ತಾಂತವನ್ನು ನಮ್ಮ ಮಕ್ಕಳು ಬಾಯಿಪಾಠವಾಗಿ ಒಪ್ಪಿಸಬಲ್ಲರು. ಆದರೆ ಮನೆಯಿಂದ ಬುತ್ತಿ ಕಟ್ಟಿಕೊಂಡು ಹೊರಟರೆ ಸಂಜೆಯೊಳಗೆ ನೋಡಿ ಬರಬಹುದಾದ ಸೋಜಿಗಗಳನ್ನು ಕೇಳಿದರೆ ಮೌನವೇ ಉತ್ತರ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ಹುಸಿಯಾಗಲಿಲ್ಲ. ಆದುದರಿಂದ ಇಂದು ನಾವು ಹಿತ್ತಲ ಗಿಡಗಳನ್ನೇ ತೋರಿಸಬೇಕೆಂದಿದ್ದೇವೆ.

ಮೊದಲು ನಮ್ಮ ಸೀಮೆಯ ಹಿರಣ್ಯಕೇಶಿಯನ್ನು ನೆನೆಯೋಣ. ಈ ನದಿ ಹುಟ್ಟುವುದು ಸಹ್ಯಾದ್ರಿಯ ನೆತ್ತಿಯ ಮೇಲಿನ ಆಂಬೋಲಿಯಲ್ಲಿ. ಪಡುಗಡಲು ಅಲ್ಲಿಗೆ ಹತ್ತಿರ. ಆದರೂ ನದಿಯು ಅದಕ್ಕೆ ಬೆನ್ನುಮಾಡಿ ಮೂಡಲಿಗೆ ಹೊರಡುತ್ತದೆ. ಆಜರೆ, ಗಡಹಿಂಗ್ಲಜಗಳನ್ನು ಹಾದು, ಘಟಪ್ರಭೆಯನ್ನು ಕೂಡಿ, ಕೃಷ್ಣೆಯಲ್ಲಿ ಬೆರೆತು, ಕೊನೆಗೆ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಹಿರಣ್ಯಕೇಶಿಯೆಂದರೆ ಹೊಂಗೂದಲಿನವಳು. ಅವಳ ಉಗಮಸ್ಥಾನದ ಮಹಾದೇವ ದೇವಾಲಯದ ಕೊಳದಲ್ಲಿ ಒಂದು ಪುಟ್ಟ ಮೀನಿದೆ. ಭಕ್ತರು ಅದನ್ನು ಎಷ್ಟು ಬಾರಿ ಕಂಡಿದ್ದರೋ! ಆದರೆ ಅದು ವಿಜ್ಞಾನಕ್ಕೆ ತಿಳಿಯದಿದ್ದ ಹೊಸ ಜಾತಿಯೆಂಬುದು ಪ್ರಕಟವಾದದ್ದು 2020ರಲ್ಲಿ. ವಿಜ್ಞಾನಿಗಳು ಅದಕ್ಕೆ ನದಿಯ ಹೆಸರನ್ನೇ ಇಟ್ಟು 'ಶಿಸ್ಟುರಾ ಹಿರಣ್ಯಕೇಶಿ' ಎಂದು ಕರೆದರು. 2021ರಲ್ಲಿ ಮಹಾರಾಷ್ಟ್ರ ಸರಕಾರವು ಆ ನೆಲೆಯ 2.11 ಹೆಕ್ಟೇರ್ ಪ್ರದೇಶವನ್ನು ಜೀವವೈವಿಧ್ಯದ ಪರಂಪರಾ ತಾಣವೆಂದು ಸಾರಿತು. ಕಂಡದ್ದೆಲ್ಲವೂ ತಿಳಿದದ್ದಲ್ಲವೆಂಬ ಪಾಠವನ್ನು ಆ ಮೀನು ನಮಗೆ ಕಲಿಸುತ್ತದೆ.

ನದಿಯೊಡನೆ ಆಜರೆಗೆ ಇಳಿಯೋಣ. ಇದರ ಹಳೆಯ ಹೆಸರು ಆಜುರಿಕೆಯೆಂದು ವಿದ್ವಾಂಸರು ಗುರುತಿಸಿದ್ದಾರೆ. ಶಿಲಾಹಾರ ಅರಸನಾದ ಇಮ್ಮಡಿ ಭೋಜನ ಕಾಲದಲ್ಲಿ, ಕ್ರಿ. ಶ. 1205ರಲ್ಲಿ, ಸೋಮದೇವನೆಂಬ ಜೈನ ಪಂಡಿತನು ಈ ಊರಿನಲ್ಲಿ ಕುಳಿತು 'ಶಬ್ದಾರ್ಣವಚಂದ್ರಿಕೆ'ಯೆಂಬ ಸಂಸ್ಕೃತ ವ್ಯಾಕರಣ ಗ್ರಂಥವನ್ನು ರಚಿಸಿದನು. ವಿದ್ಯೆಗೆ ಕಾಶಿಯೇ ಬೇಕೆಂದಿಲ್ಲ. ಹಿರಣ್ಯಕೇಶಿಯ ಸೀಮೆಯೂ ಸಾಕಾಗಿತ್ತು.

ಇನ್ನು ಕೊಲ್ಲಾಪುರ. ಅಲ್ಲಿ ಪಂಚಗಂಗೆಯ ದಡದಲ್ಲಿ ಬ್ರಹ್ಮಪುರಿಯೆಂಬ ದಿಬ್ಬವಿದೆ. 1944ರ ಸುಮಾರಿಗೆ ಅದರ ಮಣ್ಣಿನೊಳಗಿಂದ ಕಂಚಿನ ವಸ್ತುಗಳ ಒಂದು ನಿಧಿ ಹೊರಬಂದಿತು. ಅದರಲ್ಲಿ ಒಂದು ಚಿಕ್ಕ ವಿಗ್ರಹವಿತ್ತು. ಅದು ನಮ್ಮ ದೇವರಲ್ಲ. ಗ್ರೀಕರ ಕಡಲದೇವನಾದ ಪೊಸೈಡನ್! ಕಡಲಿಲ್ಲದ ಊರಿಗೆ ಕಡಲದೇವನು ಬಂದದ್ದೆಂತು? ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ರೋಮ ಸಾಮ್ರಾಜ್ಯದ ಹಡಗುಗಳು ಪಡುವಣ ಕರಾವಳಿಗೆ ಬರುತ್ತಿದ್ದವು. ಅವುಗಳ ಸರಕು ಘಟ್ಟಗಳನ್ನೇರಿ ಒಳನಾಡಿನ ಪೇಟೆಗಳನ್ನು ಮುಟ್ಟುತ್ತಿತ್ತು. ಈ ವಿಗ್ರಹವೂ ಆ ದಾರಿ ಹಿಡಿದು ಬಂದುದೇ. ಇಂದು ಅದು ಕೊಲ್ಲಾಪುರದ ಟೌನ್‌ಹಾಲ್ ವಸ್ತುಸಂಗ್ರಹಾಲಯದ ಹೆಮ್ಮೆ.

ಇದಕ್ಕಿಂತ ನಮಗೆ ಸಮೀಪವಾದ ಸಂಗತಿಯೊಂದಿದೆ. ವಿದ್ವಾಂಸರು ಆ ನಿಧಿಗೆ ಇಟ್ಟಿರುವ ಹೆಸರು 'ಕುಂದಣಗಾರ ನಿಧಿ'. ಅದನ್ನು ಬೆಳಕಿಗೆ ತಂದ ಪ್ರೊ. ಕೆ. ಜಿ. ಕುಂದಣಗಾರರು ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಕನ್ನಡದ ಪ್ರಾಧ್ಯಾಪಕರು. ಉತ್ತರ ಕರ್ನಾಟಕದ ಮತ್ತು ಕೊಲ್ಲಾಪುರ ಸಂಸ್ಥಾನದ ಶಾಸನಗಳನ್ನು ಕೂಡಿಸಿ 1939ರಲ್ಲಿ ಪ್ರಕಟಿಸಿದವರೂ ಅವರೇ. 1961ರಲ್ಲಿ ಗದಗಿನಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನವು ಅವರನ್ನು ಅಧ್ಯಕ್ಷರನ್ನಾಗಿ ಗೌರವಿಸಿತು. ಗ್ರೀಕ ದೇವನನ್ನು ಮರಾಠಿ ನಾಡಿನಲ್ಲಿ ಕನ್ನಡದ ಮೇಷ್ಟ್ರು ಎತ್ತಿ ತೋರಿಸಿದರೆಂದರೆ, ವಿದ್ಯೆಗೆ ಗಡಿಯೆಲ್ಲಿ?

ಕಲೆಯ ಕಡೆಗೆ ಬಂದರೆ ಮತ್ತೊಂದು ಬೆರಗು. ಕನ್ನಡದ ಮೊದಲ ವಾಕ್ಚಿತ್ರವಾದ 'ಸತಿ ಸುಲೋಚನಾ' ಚಿತ್ರಿತವಾದದ್ದು ಬೆಂಗಳೂರಿನಲ್ಲಿ ಅಲ್ಲ, ಮೈಸೂರಿನಲ್ಲಿಯೂ ಅಲ್ಲ; ಇದೇ ಕೊಲ್ಲಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ವೈ. ವಿ. ರಾವ್ ನಿರ್ದೇಶಿಸಿದರು. ಸುಬ್ಬಯ್ಯ ನಾಯ್ಡು ಇಂದ್ರಜಿತುವಾಗಿ, ಆರ್. ನಾಗೇಂದ್ರರಾಯರು ರಾವಣನಾಗಿ, ತ್ರಿಪುರಾಂಬ ಸುಲೋಚನೆಯಾಗಿ ಅಭಿನಯಿಸಿದರು. 1934ರ ಮಾರ್ಚ್ 3ರಂದು ಅದು ಬೆಂಗಳೂರಿನಲ್ಲಿ ತೆರೆ ಕಂಡಿತು. ಬೆಳ್ಳಿತೆರೆಯ ಮೇಲಿನ ಕನ್ನಡ ಮಾತು ಮೊದಲು ಮೊಳಗಿದ್ದು ನಮ್ಮ ನೆರೆಯಲ್ಲಿ. ವಿಷಾದವೆಂದರೆ ಆ ಚಿತ್ರದ ಪ್ರತಿ ಇಂದು ನೋಡಲು ದೊರೆಯದು. ಎರಡು ಸಾವಿರ ವರ್ಷದ ಕಂಚು ಉಳಿಯಿತು. ನೂರು ವರ್ಷವೂ ಆಗದ ಚಿತ್ರ ಅಳಿಯಿತು. ಕಾಪಾಡಿದರೆ ಉಳಿಯುತ್ತದೆ, ಕಾಪಾಡದಿದ್ದರೆ ನಿನ್ನೆಯದೂ ಇಂದಿಗಿಲ್ಲ.

ಕೊಡುಕೊಳ್ಳುವಿಕೆ ಒಂದೇ ಕಡೆಯದಲ್ಲ. ಕನ್ನಡ ನಾಡಿನ ನಡುವೆ ಇರುವ ಶ್ರವಣಬೆಳಗೊಳದಲ್ಲಿ, 58 ಅಡಿ ಎತ್ತರದ ಗೊಮ್ಮಟನ ಪಾದದ ಬಳಿ, ಚಾವುಂಡರಾಯನು ಮೂರ್ತಿಯನ್ನು ಮಾಡಿಸಿದನೆಂಬ ಮಾತು ಕನ್ನಡದಲ್ಲಿದೆ, ತಮಿಳಿನಲ್ಲಿದೆ, ಮರಾಠಿಯಲ್ಲಿಯೂ ಇದೆ. ಆ ಮರಾಠಿ ವಾಕ್ಯವನ್ನು ಆ ಭಾಷೆಯ ಅತಿ ಹಳೆಯ ಬರಹಗಳಲ್ಲೊಂದೆಂದು ಬಹುಕಾಲದಿಂದ ಎಣಿಸುತ್ತ ಬಂದಿದ್ದಾರೆ. ಇತ್ತ ನಮ್ಮ ಜಿಲ್ಲೆಯ ಖಿದ್ರಾಪುರದ ಕೋಪೇಶ್ವರನ ಗುಡಿಯಲ್ಲಿ ಕನ್ನಡ ಶಾಸನಗಳಿವೆ. ಮರಾಠಿಯ ಹಳೆಯ ಅಕ್ಷರಗಳನ್ನು ಕನ್ನಡ ನೆಲ ಕಾಪಾಡಿದೆ. ಕನ್ನಡದ ಅಕ್ಷರಗಳನ್ನು ಮರಾಠಿ ನೆಲ ಕಾಪಾಡಿದೆ. ಗಡಿಯಲ್ಲಿ ಬಾಳುವವರು ಈ ಮಾತನ್ನು ಎದೆಯಲ್ಲಿಟ್ಟುಕೊಳ್ಳಬೇಕು.

ಮಹನೀಯರೇ, ವಿನೋದಕ್ಕಾಗಿ ಆರಂಭಿಸಿದ ಮಾತು ಒಂದು ಕಳವಳದಲ್ಲಿ ಬಂದು ನಿಂತಿದೆ. ಅಕ್ಷರವುಳ್ಳ ಕಲ್ಲುಗಳು ಬಟ್ಟೆ ಒಗೆಯುವ ಕಲ್ಲಾಗಿ, ಹೊಲದ ಬದುವಾಗಿ ಬಿದ್ದಿರುವುದನ್ನು ನಾವು ಕಂಡಿದ್ದೇವೆ. ಅದಕ್ಕಿಂತ ದೊಡ್ಡ ನಷ್ಟವೆಂದರೆ ಕಲ್ಲು ಉಳಿದು ಅದನ್ನು ಓದುವ ಕಣ್ಣು ಅಳಿಯುವುದು. ನಮ್ಮ ಮನೆಗಳಲ್ಲಿ ಕನ್ನಡ ಮಾತನಾಡಿ ಕನ್ನಡ ಓದಲಾರದ ಮಕ್ಕಳು ಬೆಳೆಯುತ್ತಿದ್ದಾರೆ. ಅವರು ಮರಾಠಿ ಕಲಿಯಲಿ. ಅದು ನೆರೆಯವರ ನುಡಿ, ನಿತ್ಯದ ನುಡಿ. ಇಂಗ್ಲಿಷನ್ನೂ ಕಲಿಯಲಿ, ಅದು ಉದ್ಯೋಗದ ನುಡಿ. ಆದರೆ ತಾಯಿಯ ನುಡಿಯ ಅಕ್ಷರವನ್ನು ಮರೆತರೆ, ಅಜ್ಜ ಬರೆದಿಟ್ಟ ಲೆಕ್ಕದ ಪುಸ್ತಕವೂ ಮೊಮ್ಮಗನಿಗೆ ಶಿಲಾಶಾಸನವೇ ಆದೀತು.

ಆದುದರಿಂದ ನಮ್ಮ ವಿನಂತಿ ಎರಡೇ. ಊರಿನ ಹಳೆಯ ಕಲ್ಲುಗಳಿಗೆ ಸುಣ್ಣವನ್ನಾಗಲಿ ಎಣ್ಣೆಬಣ್ಣವನ್ನಾಗಲಿ ಬಳಿಯದೆ, ಅವು ಎಲ್ಲಿವೆಯೆಂಬುದನ್ನು ಗುರುತು ಮಾಡಿಟ್ಟು, ಬಲ್ಲವರಿಗೆ ತಿಳಿಸಿರಿ. ಸಂಜೆ ದೀಪ ಹಚ್ಚಿದ ಮೇಲೆ ಅರ್ಧ ಗಂಟೆ ಮಕ್ಕಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ಒಂದು ಕನ್ನಡ ಪುಟವನ್ನು ಓದಿಸಿರಿ.

ನಮ್ಮ ಊರಿನ ಹೆಸರು ಕನ್ನಡದ ಕಿವಿಗೆ ನೂಲಿನ ನೆನಪು ತರುತ್ತದೆ. ಶ್ರಾವಣದ ನೂಲ ಹುಣ್ಣಿಮೆಯ ದಿನ ನಾವು ಕಟ್ಟುವ ಎಳೆ ತೂಕದಲ್ಲಿ ಏನೂ ಅಲ್ಲ. ಆದರೂ ಅಣ್ಣತಂಗಿಯರನ್ನು ಬೆಸೆಯುತ್ತದೆ. ಅಕ್ಷರವೂ ಅಂಥದೊಂದು ಎಳೆ. ಹಿರಿಯರು ನೂತು ಕೊಟ್ಟ ಅದು ನಮ್ಮ ಕೈಯಲ್ಲಿ ಕಡಿಯದಿರಲಿ.