ಡಿಂಗ್‌ಲಿಂಗ್: ತೆರೆದ ಸಮಾಧಿ ಕಲಿಸಿದ ಪಾಠ



ಬೀಜಿಂಗ್ ನಗರದಿಂದ ವಾಯವ್ಯ ದಿಕ್ಕಿಗೆ ಸುಮಾರು 50 ಕಿಲೋಮೀಟರ್ ಹೋದರೆ ಬೆಟ್ಟಗಳು ಮೂರು ಕಡೆ ಸುತ್ತುವರಿದ ಒಂದು ಕಣಿವೆ ಸಿಗುತ್ತದೆ. ಮಿಂಗ್ ವಂಶದ 16 ಮಂದಿ ಚಕ್ರವರ್ತಿಗಳಲ್ಲಿ 13 ಮಂದಿಗೆ ಸಮಾಧಿಯಾದದ್ದು ಇಲ್ಲಿ. ಕಣಿವೆಗೆ ಹೋಗುವ ರಾಜಮಾರ್ಗದ ಇಕ್ಕೆಲಗಳಲ್ಲಿ ಕಲ್ಲಿನ ಸಿಂಹ, ಒಂಟೆ, ಆನೆ, ಕುದುರೆಗಳು ಸಾಲುಗಟ್ಟಿವೆ. ಅವುಗಳ ಮುಂದೆ ಕಲ್ಲಿನ ಸೇನಾನಿಗಳು, ಮಂತ್ರಿಗಳು ಕೈಕಟ್ಟಿ ನಿಂತಿದ್ದಾರೆ. 1409ರಲ್ಲಿ ಯೊಂಗ್‌ಲೆ ಚಕ್ರವರ್ತಿ ತನ್ನ ಸಮಾಧಿಯ ಕೆಲಸ ಆರಂಭಿಸಿದ ಮೇಲೆ ಅವನ ವಂಶದವರೂ ಇದೇ ಜಾಗವನ್ನು ಆರಿಸಿಕೊಂಡರು.

ಈ ಹದಿಮೂರರಲ್ಲಿ ನೆಲದಡಿಯ ಕೋಣೆಗಳನ್ನು ಅಗೆದು ತೆರೆದಿರುವುದು ಒಂದನ್ನು ಮಾತ್ರ. ಅದರ ಹೆಸರು ಡಿಂಗ್‌ಲಿಂಗ್. ಪ್ರವಾಸಿಗಳು ಮೆಟ್ಟಿಲು ಮೆಟ್ಟಿಲಾಗಿ 27 ಮೀಟರ್ ಆಳಕ್ಕೆ ಇಳಿಯುತ್ತಾರೆ. ಅಲ್ಲಿ ಒಂದೇ ಒಂದು ಕಂಬವಿಲ್ಲದ, ಕಮಾನು ಛಾವಣಿಯ ಐದು ಕಲ್ಲಿನ ಕೋಣೆಗಳಿವೆ. ನಡುವಣ ಕೋಣೆಯಲ್ಲಿ ಅಮೃತಶಿಲೆಯ ಮೂರು ಸಿಂಹಾಸನಗಳಿವೆ. ಅವುಗಳ ಮುಂದೆ ನಂದಾದೀಪಕ್ಕೆಂದು ಎಣ್ಣೆ ತುಂಬಿಸಿಟ್ಟ ದೊಡ್ಡ ಪಿಂಗಾಣಿ ಹಂಡೆಗಳಿವೆ. ಬಾಗಿಲು ಮುಚ್ಚಿದ ಮೇಲೆ ಒಳಗಿನ ಗಾಳಿ ಮುಗಿದು ಆ ದೀಪಗಳು ಆರಿಹೋದವು. ಕೊನೆಯ ಕೋಣೆಯಲ್ಲಿ ಕೆಂಪು ಬಣ್ಣದ ಮೂರು ಶವಪೆಟ್ಟಿಗೆಗಳನ್ನು ಕಾಣಬಹುದು. ಜನ ಭಕ್ತಿಯಿಂದಲೋ ಅದೃಷ್ಟದ ಆಸೆಯಿಂದಲೋ ನಾಣ್ಯ, ನೋಟುಗಳನ್ನು ಎಸೆದು ಮುಂದೆ ಹೋಗುತ್ತಾರೆ. ಆದರೆ ಆ ಪೆಟ್ಟಿಗೆಗಳು ನಕಲು. ಅವುಗಳೊಳಗೆ ಚಕ್ರವರ್ತಿಯೂ ಇಲ್ಲ, ರಾಣಿಯರೂ ಇಲ್ಲ. ಹಾಗಾದರೆ ಅವರೇನಾದರು?

ಇಲ್ಲಿ ಸಮಾಧಿಯಾದವನು ವಾನ್‌ಲಿ ಚಕ್ರವರ್ತಿ. 1572ರಲ್ಲಿ, ಇನ್ನೂ ಬಾಲಕನಾಗಿದ್ದಾಗಲೇ ಪಟ್ಟವೇರಿ 1620ರವರೆಗೆ 48 ವರ್ಷ ಆಳಿದ. ಮಿಂಗ್ ವಂಶದಲ್ಲಿ ಇಷ್ಟು ದೀರ್ಘಕಾಲ ಆಳಿದವರು ಬೇರೆ ಯಾರೂ ಇಲ್ಲ. ಮೊದಲ ಹತ್ತು ವರ್ಷ ಸಮರ್ಥ ಮಂತ್ರಿ ಝಾಂಗ್ ಜುಝೆಂಗ್‌ನ ಆಸರೆಯಲ್ಲಿ ರಾಜ್ಯ ಚೆನ್ನಾಗಿಯೇ ನಡೆಯಿತು. ಆಮೇಲೆ ತನ್ನ ಮೆಚ್ಚಿನ ಝೆಂಗ್ ಎಂಬ ಉಪಪತ್ನಿಯ ಮಗನಿಗೆ ಯುವರಾಜ ಪಟ್ಟ ಕಟ್ಟುವ ಆಸೆ ಅವನಿಗೆ ಬಂತು. ಅಧಿಕಾರಿಗಳು ಸಂಪ್ರದಾಯ ಬಿಡಲು ಒಪ್ಪಲಿಲ್ಲ. ಮುನಿಸಿಕೊಂಡ ದೊರೆ ದಶಕಗಳ ಕಾಲ ದರ್ಬಾರಿಗೇ ಬರಲಿಲ್ಲ. ಅವನು ತೀರಿಕೊಂಡ 24 ವರ್ಷಕ್ಕೆ ಆ ವಂಶವೇ ಅಳಿಯಿತು.

ರಾಜ್ಯದ ಕೆಲಸದಲ್ಲಿ ಇಲ್ಲದ ಆಸಕ್ತಿ ಅವನಿಗೆ ಸಮಾಧಿಯ ಕೆಲಸದಲ್ಲಿತ್ತು. ಇಪ್ಪತ್ತರ ಹರೆಯದಲ್ಲೇ, 1584ರಲ್ಲಿ ಕಟ್ಟಡ ಆರಂಭಿಸಿದ. ಆರು ವರ್ಷಗಳಲ್ಲಿ 80 ಲಕ್ಷ ತೇಲ್ ಬೆಳ್ಳಿ ವ್ಯಯವಾಯಿತು. ಇಂದಿನ ತೂಕದಲ್ಲಿ ಅದು ಸುಮಾರು 300 ಟನ್. ಹೀಗೆ ಕಟ್ಟಿದ ಸಮಾಧಿ ತನ್ನ ಒಡೆಯನಿಗಾಗಿ 30 ವರ್ಷ ಕಾಯಿತು.

1955ರಲ್ಲಿ ಬೀಜಿಂಗಿನ ಉಪಮೇಯರ್ ಆಗಿದ್ದ ಇತಿಹಾಸಕಾರ ವು ಹಾನ್, ವಿದ್ವಾಂಸ ಗುವೊ ಮೊರುವೊ ಮೊದಲಾದವರು ಯೊಂಗ್‌ಲೆ ಚಕ್ರವರ್ತಿಯ ಸಮಾಧಿ ಚಾಂಗ್‌ಲಿಂಗ್ ಅನ್ನು ಅಗೆಯಬೇಕೆಂದು ಸರಕಾರಕ್ಕೆ ಮನವಿ ಮಾಡಿದರು. ಪುರಾತತ್ವಜ್ಞ ಶಿಯಾ ನಾಯ್, ಸಾಂಸ್ಕೃತಿಕ ವಸ್ತುಗಳ ರಕ್ಷಣೆಯ ಹೊಣೆ ಹೊತ್ತಿದ್ದ ಝೆಂಗ್ ಝೆಂಡುವೊ ಇದನ್ನು ವಿರೋಧಿಸಿದರು. ಒಳಗೆ ಸಿಗುವುದನ್ನು ಕಾಪಾಡುವ ವಿದ್ಯೆ ಇನ್ನೂ ಕೈವಶವಾಗಿಲ್ಲ ಎಂಬುದು ಅವರ ವಾದ. ಅನುಮತಿ ಸಿಕ್ಕಿತು. ಮೊದಲು ಪ್ರಯೋಗಕ್ಕೆಂದು ಡಿಂಗ್‌ಲಿಂಗ್ ಆಯ್ಕೆಯಾಯಿತು.

1956ರ ಮೇ ತಿಂಗಳಲ್ಲಿ ಅಗೆತ ಶುರುವಾಯಿತು. ದಾರಿ ಸಿಗದೆ ತಿಂಗಳುಗಳು ಕಳೆದವು. ಕೊನೆಗೆ ಒಂದು ಪುಟ್ಟ ಶಾಸನದ ಕಲ್ಲು ಸಿಕ್ಕಿತು. ಸಮಾಧಿಯ ಗೋಡೆ ಅಲ್ಲಿಂದ ಎಷ್ಟು ದೂರ, ಎಷ್ಟು ಆಳ ಎಂಬ ಲೆಕ್ಕ ಅದರಲ್ಲಿತ್ತು. ನಮ್ಮ ಅಳತೆಯಲ್ಲಿ ಸುಮಾರು 50 ಮೀಟರ್ ದೂರ, 11 ಮೀಟರ್ ಆಳ. ಚಕ್ರವರ್ತಿ ಸತ್ತಾಗ ಬಾಗಿಲು ಹುಡುಕಲೆಂದು ಹಿಂದಿನ ಕೆಲಸಗಾರರು ಇಟ್ಟ ಗುರುತು ಅದು. 1957ರಲ್ಲಿ ಗೋಡೆ ಸಿಕ್ಕಿತು.

ಗೋಡೆಯ ಆಚೆ ಒಂದೊಂದೂ ಸುಮಾರು 4 ಟನ್ ತೂಗುವ ಅಮೃತಶಿಲೆಯ ಬಾಗಿಲುಗಳು. ಅವುಗಳಿಗೆ ಒಳಗಿನಿಂದ ಅಗುಳಿ ಬಿದ್ದಿತ್ತು. ಒಳಗೆ ಯಾರೂ ಇಲ್ಲದೆ ಅಗುಳಿ ಹಾಕಿದವರು ಯಾರು? ಯಾರೂ ಅಲ್ಲ. ಹೊರಗೆ ಬರುವವರು ಬಾಗಿಲ ಹಿಂದೆ ಉದ್ದನೆಯ ಕಲ್ಲುಚಪ್ಪಡಿಯೊಂದನ್ನು ಓರೆಯಾಗಿ ಒರಗಿಸಿ ಬಂದಿದ್ದರು. ಬಾಗಿಲು ಎಳೆದಂತೆ ಕಲ್ಲು ಜಾರಿ ತಾನಾಗಿಯೇ ಗಾಡಿಯಲ್ಲಿ ಕೂತುಬಿಟ್ಟಿತ್ತು. ಅಗೆಯುವವರು ಬಾಗಿಲ ಸಂದಿಯಲ್ಲಿ ಬಾಗಿಸಿದ ಸರಳು ತೂರಿಸಿ ಆ ಕಲ್ಲನ್ನು ಹಿಡಿದು ನೆಟ್ಟಗೆ ನಿಲ್ಲಿಸಿದರು. ಬಾಗಿಲು ತೆರೆಯಿತು.

ಸುಮಾರು 3000 ವಸ್ತುಗಳು ಸಿಕ್ಕವು. ಬಂಗಾರದ ಎಳೆಯಲ್ಲಿ ಹೆಣೆದ ಕಿರೀಟ, ಮುತ್ತುಗಳಿಂದ ತುಂಬಿದ ರಾಣಿಯರ ಕಿರೀಟಗಳು, ಥಾನುಗಟ್ಟಲೆ ರೇಷ್ಮೆ ಎಲ್ಲವೂ ಇದ್ದವು. ಬಂಗಾರಕ್ಕೆ ಏನೂ ಆಗಲಿಲ್ಲ. ರೇಷ್ಮೆಯ ಗತಿ ಬೇರೆಯಾಯಿತು. ಗಾಳಿ ಬೆಳಕು ತಾಗಿದ ಬಟ್ಟೆ ಬಣ್ಣಗೆಟ್ಟಿತು. ಉಳಿಸಲೆಂದು ಮಾಡಿದ ರಾಸಾಯನಿಕ ಉಪಚಾರವೇ ಅದನ್ನು ಗಡಸಾಗಿಸಿ ಕೆಡಿಸಿತು. 1959ರಲ್ಲಿ ವಸ್ತುಸಂಗ್ರಹಾಲಯ ತೆರೆಯಿತು. ನಕಲು ಪೆಟ್ಟಿಗೆಗಳು ಬಂದವೆಂದು ಮೂಲ ಪೆಟ್ಟಿಗೆಗಳ ಮರವನ್ನು ಹೊರಗೆಸೆದರು.

ಇನ್ನೂ ದೊಡ್ಡ ನಷ್ಟ 1966ರಲ್ಲಿ ಆಯಿತು. ಸಾಂಸ್ಕೃತಿಕ ಕ್ರಾಂತಿಯ ರೆಡ್ ಗಾರ್ಡ್‌ಗಳು ಆಗಸ್ಟ್ ತಿಂಗಳಲ್ಲಿ ಚಕ್ರವರ್ತಿಯ ಮತ್ತು ಇಬ್ಬರು ರಾಣಿಯರ ಅಸ್ಥಿಗಳನ್ನು ಬಯಲಿಗೆ ತಂದು, ಧಿಕ್ಕಾರ ಕೂಗಿ ಸುಟ್ಟುಹಾಕಿದರು. ಅಗೆಯಬೇಕೆಂದು ಮನವಿ ಮಾಡಿದ ವು ಹಾನ್ ಅದೇ ಕ್ರಾಂತಿಗೆ ಸಿಕ್ಕಿ 1969ರಲ್ಲಿ ಸೆರೆಯಲ್ಲಿ ಪ್ರಾಣಬಿಟ್ಟರು. ಅಗೆತದ ಪೂರ್ಣ ವರದಿ ಪ್ರಕಟವಾದದ್ದು 1990ರಲ್ಲಿ.

ಲೆಕ್ಕ ಸರಳವಾಗಿದೆ. ಕತ್ತಲಲ್ಲಿ 337 ವರ್ಷ ಉಳಿದದ್ದು ಬೆಳಕಿಗೆ ಬಂದು ಒಂಬತ್ತೇ ವರ್ಷಕ್ಕೆ ಬೂದಿಯಾಯಿತು. ಅದಕ್ಕೆ ದುರ್ಬುದ್ಧಿಯೊಂದೇ ಕಾರಣವಲ್ಲ, ಅವಸರವೂ ಕಾರಣ. ರೇಷ್ಮೆಯನ್ನು ಹಾಳು ಮಾಡಿದವರು ದ್ವೇಷಿಗಳಲ್ಲ, ಇತಿಹಾಸವನ್ನು ಪ್ರೀತಿಸಿದವರೇ.

ಚೀನಾ ಈ ಪಾಠ ಕಲಿಯಿತು. ಚಕ್ರವರ್ತಿಗಳ ಸಮಾಧಿಗಳನ್ನು ಬರಿಯ ಕುತೂಹಲಕ್ಕಾಗಿ ಅಗೆಯುವುದು ನಿಂತಿತು. 1974ರಲ್ಲಿ ಬಾವಿ ತೋಡುತ್ತಿದ್ದ ರೈತರಿಗೆ ಮಣ್ಣಿನ ಸೈನಿಕರ ಪಡೆ ಸಿಕ್ಕಿದರೂ, ಪಕ್ಕದಲ್ಲೇ ಇರುವ ಚಿನ್ ಶಿ ಹುವಾಂಗ್‌ನ ಸಮಾಧಿದಿಬ್ಬವನ್ನು ಇನ್ನೂ ತೆರೆದಿಲ್ಲ. ಚಕ್ರವರ್ತಿನಿ ವು ಝೆಟಿಯನ್ ಮತ್ತು ಅವಳ ಪತಿಯ ಸಮಾಧಿ ಚಿಯಾನ್‌ಲಿಂಗ್ ಕೂಡ ಮುಚ್ಚಿಯೇ ಇದೆ. ಚಾಂಗ್‌ಲಿಂಗ್‌ಗೆ ಹೋದವರು ಮೇಲಿನ ಭವ್ಯ ಮಂದಿರ ನೋಡಿ ಬರಬಹುದು. ಯೊಂಗ್‌ಲೆ ಕೆಳಗೆ ನೆಮ್ಮದಿಯಾಗಿದ್ದಾನೆ.

ಡಿಂಗ್‌ಲಿಂಗ್‌ನ ಆಳಕ್ಕೆ ಇಳಿದವರಿಗೆ ಕಾಣುವುದು ಖಾಲಿ ಪೆಟ್ಟಿಗೆ. ಆದರೆ ಅಕ್ಕಪಕ್ಕದ ಹನ್ನೆರಡು ಸಮಾಧಿಗಳನ್ನು ಇವತ್ತು ಕಾಯುತ್ತಿರುವುದು ಅದೇ ಪೆಟ್ಟಿಗೆ.